ಅರ್ಧಕ್ಕೆ ನಿಂತ ಪ್ಲಗ್ಗು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಗುರುಗಳಾದ ನಿರುಪಾಧಿ ಅಜ್ಜನವರು ಶಿಷ್ಯರಿಗೆ ಕಂಪ್ಯೂಟರ್ ಕೇಬಲ್ಲಿನ ಪ್ಲಗ್ಗು, ಸಾಕೆಟ್ಟು ಮಾಡುವುದನ್ನು ಕಲಿಸುತ್ತಿದ್ದರು. ಧ್ಯಾನ ಕಲಿಯಬೇಕೆಂದು ಬಂದವರಿಗೂ ಮೊದಲು ಅದೇ ಪಾಠ.

ಶಿಷ್ಯ ಕಲ್ಲಿನಾಥನಿಗೆ ಒಂದೇ ಹಟ. ತನ್ನ ಪ್ಲಗ್ಗು ಎಂದೂ ಕಳಚಿ ಬೀಳಬಾರದು. ಹಿಂದೊಮ್ಮೆ ಅವನು ಮಾಡಿದ್ದು ಎಲ್ಲರೆದುರು ಬಿದ್ದು, ಜೊತೆಯವರು ನಕ್ಕಿದ್ದರು. ಪಾಪ, ಆ ನಗು ಅವನ ತಲೆಯಿಂದ ಇಳಿದಿರಲೇ ಇಲ್ಲ.

ಹೊಸದೊಂದು ಮಾಡಿದ. ಎಷ್ಟು ಬಿಗಿಯೆಂದರೆ, ಅರ್ಧಕ್ಕೆ ತೂರಿಸಿ ಬಿಟ್ಟರೂ ಅಲ್ಲಾಡದು. ಗುರುಗಳಿಗೆ ತೋರಿಸುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನೇರವಾಗಿ ಆಶ್ರಮದ ರೋಗಿಗಳ ಕೋಣೆಗೆ ಒಯ್ದ.

ಅಲ್ಲಿ ಅಡುಗೆಯ ತಂಗೆವ್ವ ಮಲಗಿದ್ದಳು. ಅವಳ ಎದೆಬಡಿತದ ಮೇಲೆ ಒಂದು ಕಂಪ್ಯೂಟರ್ ಕಣ್ಣಿಟ್ಟಿತ್ತು. ಅದರ ಕೇಬಲ್ಲಿಗೆ ತನ್ನ ಪ್ಲಗ್ಗು ಹಾಕಿ ಬಂದ.

ಮರುದಿನ ಗುರುಗಳ ಮುಂದೆ ಅಳುತ್ತ ನಿಂತ.

"ತಂಗೆವ್ವ ಹೆಂಗದಾಳ?"

"ಉಳದಾಳ್ರಿ ಅಜ್ಜಾರ. ಸಾವಿನ ಬಾಯಾಗಿಂದ ಬಂದಾಳ."

"ಪ್ಲಗ್ಗು ಬಿತ್ತೇನು?"

"ಇಲ್ರಿ, ಬೀಳಲಿಲ್ಲ. ಪೂರ್ತಿ ಒಳಗ ಹೋಗದ ಅರ್ಧಕ್ಕ ನಿಂತಿತ್ತು. ಮೊದಲಿಗೆ ಎದಿಬಡಿತದ ಅಂಕಿ ಬಂದ್ವು, ಆಮ್ಯಾಲ ಅವೇ ಅಂಕಿ ಹಂಗೇ ನಿಂತಬಿಟ್ಟಿದ್ವು. ನಾನು ಜಗ್ಗಿ ನೋಡಿದೆ, ಗಟ್ಟಿ ಇತ್ತು. ಎಲ್ಲಾ ಛಲೋ ಅದ ಅಂತ ಹೇಳಿ ಬಂದೆ. ತಂಗೆವ್ವನ ತಂಗಿ ಆಕಿ ಕೈ ಹಿಡಕೊಂಡು ಕೂತಿದ್ಲು. ಅಕ್ಕನ ಕೈ ತಣ್ಣಗಾತು ಅಂತ ತಂಗಿ ಚೀರಿದಾಗ ನಮಗ ಗೊತ್ತಾತು."

ಗುರುಗಳು ಕಣ್ಣು ಮುಚ್ಚಿದರು. ಅವರಿಗೂ ಸಂಕಟವಾಗಿತ್ತು.

ಕಲ್ಲಿನಾಥ ಕಾಲಿಗೆ ಬಿದ್ದ. "ಯಾವ ಮಾರಿ ಇಟ್ಕೊಂಡು ಇಲ್ಲಿರ್ಲಿ? ಅಪ್ಪಣಿ ಕೊಡ್ರಿ, ಊರಿಗೆ ಹೋಗ್ತೀನಿ."

ಗುರುಗಳು ಅವನನ್ನು ಎಬ್ಬಿಸಿ, ಆ ಪ್ಲಗ್ಗು, ಸಾಕೆಟ್ಟು ತರಿಸಿದರು. ಅವನ ಪ್ಲಗ್ಗಿನ ಬಿಗಿಯನ್ನು ಅರದಿಂದ ಉಜ್ಜಿ ಸಡಿಲ ಮಾಡಿದರು. ಸಾಕೆಟ್ಟಿನ ತಳದಲ್ಲಿ ಚಿಮಟದಿಂದ ಪುಟ್ಟ ಸ್ಪ್ರಿಂಗೊಂದನ್ನು ಕೂರಿಸಿದರು. ಅದರ ಬಾಯಿಗೆ ಒಂದು ಕೊಂಡಿ ಇಟ್ಟರು.

ಪ್ಲಗ್ಗನ್ನು ಪೂರ್ತಿ ಒತ್ತಿದರು. ಕೊಂಡಿ ಟಕ್ಕೆಂದು ಹಿಡಿಯಿತು. ಕೇಬಲ್ಲಿಗೆ ನೀರು ತುಂಬಿದ ತಂಬಿಗೆ ಕಟ್ಟಿ ಇಳಿಬಿಟ್ಟರು. ಕದಲಲಿಲ್ಲ.

ತಂಬಿಗೆ ಬಿಚ್ಚಿ, ಕೊಂಡಿ ಬಿಡಿಸಿ ಪ್ಲಗ್ಗು ಹೊರತೆಗೆದು, ಈ ಸಲ ಅರ್ಧಕ್ಕೆ ತೂರಿಸಿ ಕೈಬಿಟ್ಟರು. ಸ್ಪ್ರಿಂಗು ದೂಡಿತು. ಪ್ಲಗ್ಗು ನೆಲಕ್ಕೆ ಬಿತ್ತು.

ಶಿಷ್ಯ ಕಣ್ಣೊರೆಸಿಕೊಂಡು ಬಗ್ಗಿ ಅದನ್ನು ನೋಡಿದ.

"ಅಜ್ಜಾರ, ಇದು ಮಂದಿ ಮುಂದ ಬೀಳ್ತದಲ್ರಿ?"

"ಬೀಳ್ಲಿ ಬಿಡೋ ಮಗನ. ಬಿದ್ದದ್ದು ಕಂಡ್ರ ಯಾರಾದ್ರೂ ಎತ್ತತಾರ."