ಅಳಿವೆಯ ಹರಿದ ಬಲೆ

ಹೊಳೆ ಕಡಲು ಸೇರುವ ಸಣ್ಣ ಅಳಿವೆಯೊಂದರ ತೆಂಕಣ ದಡದಲ್ಲಿ ಏಡಿಯಕ್ಕನೂ ಬಡಗಣ ದಡದಲ್ಲಿ ಏಡಿಯಣ್ಣನೂ ಇದ್ದರು. ಏಡಿಯಕ್ಕನ ಹೊಟ್ಟೆಯಡಿ ಮೊಟ್ಟೆ ಮಾಗಿತ್ತು. ಅಂದೇ ನೀರಿಗಿಳಿದು ಮರಿಗಳನ್ನು ಬಿಡಬೇಕಿತ್ತು. ಆದರೆ ನೀರಂಚಿನಲ್ಲಿ ಯಾರೋ ಎಸೆದ ಹರಿದ ನೈಲಾನ್ ಬಲೆ ಬಿದ್ದಿತ್ತು. ಅದರಲ್ಲಿ ಕಾಲು ಸಿಕ್ಕಿದರೆ ತಾಯಿಯೂ ಇಲ್ಲ, ಮರಿಯೂ ಇಲ್ಲ. ಹಾಗಾಗಿ ಅವಳು ಬಲೆಯನ್ನು ನೀರಿಗೆ ನೂಕಿದಳು. ಅದು ತೇಲಿ ಆಚೆ ದಡ ಮುಟ್ಟಿತು.

“ನಿನ್ನ ಕಸಕ್ಕೆ ನನ್ನ ಅಂಗಳವೇ ಬೇಕಾಯಿತೇ?” ಎಂದು ಏಡಿಯಣ್ಣ ಮರಳಿ ನೂಕಿದ.

“ನನ್ನದಲ್ಲ ಮಾರಾಯ, ನಿಮ್ಮ ಕಡೆಯದೇ!” ಎಂದು ಅವಳೂ ನೂಕಿದಳು. ಬಲೆ ಮತ್ತೆ ಬಂತು. ನೀರಿಗೆ ನೂಕಿದ್ದು ನೀರಲ್ಲೇ ಉಳಿಯುತ್ತದೆ, ನೀರು ಇಬ್ಬರದೂ ಎಂದು ಅವಳಿಗೆ ಆಗ ಹೊಳೆಯಿತು.

“ಅಣ್ಣಾ, ಜಗಳ ಆಮೇಲೆ ಆಡುವ. ಈಚೆ ಬಂದು ಒಂದು ತುದಿ ಹಿಡಿ.”

“ಎಳೆಯುವುದು ಯಾರ ದಡಕ್ಕೆ?”

“ನನ್ನ ದಡಕ್ಕೇ.”

ಈ ಮಾತಿಗೆ ಏಡಿಯಣ್ಣ ಈಜಿ ಬಂದ. ಏಡಿಗಳು ನಡೆಯುವುದೇ ಅಡ್ಡಡ್ಡ. ಆದ್ದರಿಂದ ಇಬ್ಬರೂ ಜಗಳಕ್ಕೆ ನಿಂತಂತೆ ಎದುರುಬದುರಾಗಿ ನಿಂತು, ಬಲೆಯನ್ನು ಕಡಲು ಉಕ್ಕುವ ಭರತದ ನೀರೂ ಮುಟ್ಟದ ಎತ್ತರಕ್ಕೆ ಎಳೆದರು. ಏಡಿಯಕ್ಕ ನೀರಿಗಿಳಿದು ಮರಿಗಳನ್ನು ಬಿಟ್ಟಳು.

“ಅಕ್ಕಾ, ನಮ್ಮಲ್ಲೂ ಇಂಥದ್ದೊಂದು ಬಿದ್ದಿದೆ. ನಾಳೆ ಬರುತ್ತೀಯಾ?”

“ಬಾರದೆ ಇರುತ್ತೇನೆಯೇ? ನನ್ನ ಮರಿಗಳು ನಿನ್ನ ದಡಕ್ಕೇ ಸೇರಿದರೂ ಸೇರಬಹುದು.”