ಮೊಲದ ಬಾಗಿಲ ಬಳ್ಳಿ

ಕಡಲ ದಂಡೆಯ ಮರಳುದಿಬ್ಬದಲ್ಲಿ ಪಟ್ಟೆಮೈಯ ಮೊಲವೊಂದು ಹೆಂಡತಿಯೊಡನೆ ಬಿಲ ತೋಡಿಕೊಂಡಿತ್ತು. ಆ ಜಾತಿಯಲ್ಲಿ ಉಳಿದವರು ಅವರಿಬ್ಬರೇ. ಮೊಲಕ್ಕೆ ಅದೇ ದೊಡ್ಡ ಹೆಮ್ಮೆ. ದಿಬ್ಬದ ತುಂಬ ಹಬ್ಬಿ ನೇರಳೆ ಹೂ ಬಿಡುವ ಅಡುಂಬು ಬಳ್ಳಿಯನ್ನು ಕಂಡರೆ ಅದಕ್ಕೆ ತಾತ್ಸಾರ.

"ಎಲ್ಲಿ ನೋಡಿದರೂ ನೀನೇ. ಮೀನುಬುಟ್ಟಿ ಹೊತ್ತವರೆಲ್ಲ ನಿನ್ನನ್ನು ತುಳಿದುಕೊಂಡೇ ಹೋಗುತ್ತಾರೆ. ನನ್ನ ಬಾಗಿಲಲ್ಲಿ ನಿನಗೇನು ಕೆಲಸ?" ಎಂದಿತು ಮೊಲ.

"ಮರಳು ಹಿಡಿದುಕೊಂಡಿದ್ದೇನೆ, ಸ್ವಾಮಿ. ನಾನು ಬಿಟ್ಟರೆ ಅದು ನಿಲ್ಲುವುದಿಲ್ಲ," ಎಂದಿತು ಬಳ್ಳಿ.

"ಕಡಲ ದಂಡೆಯಲ್ಲಿ ಮರಳಿಗೇನು ಬರ!"

"ಅದರ ಪಾಡಿಗೆ ಅದಿರಲಿ ಬಿಡಿ," ಎಂದಳು ಒಳಗಿನಿಂದ ಹೆಂಡತಿ. ಮೊಲ ಕೇಳಲಿಲ್ಲ. ಬಂದವರಿಗೆ ತನ್ನ ಬಿಲ ಎದ್ದು ಕಾಣಲೆಂದು ಸುತ್ತಲಿನ ಬೇರನ್ನೆಲ್ಲ ಕಡಿದು ಹಾಕಿತು.

ಮಳೆಗಾಲದ ಮೊದಲ ದೊಡ್ಡ ಅಲೆಗೆ ಆ ಬೋಳು ಜಾಗ ಕುಸಿಯಿತು. ಮೇಯಲು ಹೋಗಿದ್ದ ಮೊಲ ಓಡಿ ಬಂದಾಗ ಬಿಲವೂ ಇರಲಿಲ್ಲ, ಒಳಗೆ ಮಲಗಿದ್ದ ಹೆಂಡತಿಯೂ ಇರಲಿಲ್ಲ. ಬಳ್ಳಿ ಇದ್ದಷ್ಟು ದಿಬ್ಬ ಮಾತ್ರ ಹಾಗೇ ನಿಂತಿತ್ತು.

ಮರುದಿನವೂ ಮೊಲ ಮರಳು ಕೆದಕುತ್ತಲೇ ಇತ್ತು. ಆ ದಾರಿಯಲ್ಲಿ ಬಂದ ಏಡಿಯೊಂದು ಬೆರಗಾಗಿ ನಿಂತು, "ನಿನ್ನಂಥವರು ಲೋಕದಲ್ಲಿ ಇನ್ನೊಬ್ಬರಿಲ್ಲವಂತೆ, ನಿಜವೇ?" ಎಂದು ಕೇಳಿತು.

ಮೊಲ ತಲೆ ಎತ್ತಲಿಲ್ಲ.

"ನಿನ್ನೆಯವರೆಗೆ ಇದ್ದಳು," ಎಂದಿತು.