ಸ್ಪೋರ್ಟ್ಸ್ ಕಾರಿನ ನಿಂಬೆಹಣ್ಣು

ಮೈಸೂರಿನ ಲಿಂಗರಾಜೇ ಅರಸರ ಮನೆಯಲ್ಲಿ ಇಂಗ್ಲೆಂಡಿನಿಂದ ಬಂದ ಹಳೇ ಕೆಂಪು ಸ್ಪೋರ್ಟ್ಸ್ ಕಾರೊಂದಿತ್ತು. ತಳ್ಳದೆ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಅದನ್ನು ಕೊಳ್ಳಲು ಕಂಟ್ರಾಕ್ಟರ್ ಗುರುಮಲ್ಲಪ್ಪ ಬರುವ ದಿನ ಅರಸರು ಡ್ರೈವರ್ ಜವರಪ್ಪನನ್ನು ಕರೆದರು.

"ಅವರೆದುರು ಕಾರು ತಳ್ಳಿ ನನ್ನ ಮರ್ಯಾದೆ ಕಳೆದೆಯೋ, ನಾಳೆಯಿಂದ ಕೆಲಸಕ್ಕೆ ಬರಬೇಡ."

"ನಾನ್ಯಾಕೆ ತಳ್ಳಲಿ ಬುದ್ಧಿ?" ಅಂದ ಜವರಪ್ಪ.

ಗುರುಮಲ್ಲಪ್ಪ ಬಂದರು. ಜವರಪ್ಪ ಚಕ್ರಗಳಡಿ ನಿಂಬೆಹಣ್ಣಿಟ್ಟ, ಕಾಯಿ ಒಡೆದ, ಸ್ಟೇರಿಂಗ್ ಹಿಡಿದು ಕೂತ.

"ದೊಡ್ಡ ಮನೆಯ ಗಾಡಿ ಬುದ್ಧಿ. ಹೊಸ ಯಜಮಾನರೇ ಕೈಯಿಟ್ಟು ನಿಂಬೆಹಣ್ಣು ದಾಟಿಸಬೇಕು."

ಗುರುಮಲ್ಲಪ್ಪ ರೇಷ್ಮೆ ಪಂಚೆ ಎತ್ತಿ ಕಟ್ಟಿ ಗೇಟಿನವರೆಗೂ ತಳ್ಳಿದರು. ಎಂಜಿನ್ ಗುರ್ ಎಂದಿತು.

"ನೋಡಿದಿರಾ ನಮ್ಮ ಕೈಗುಣ!" ಎಂದು ಏದುಸಿರಿನಲ್ಲೇ ಬೀಗಿದರು. ವ್ಯಾಪಾರ ಅಲ್ಲೇ ಮುಗಿಯಿತು.

ಜವರಪ್ಪ ಕೀಲಿ ಒಪ್ಪಿಸಿ ಕೈಮುಗಿದ.

"ದೊಡ್ಡ ಕೈಗುಣ ಬುದ್ಧಿ. ಇನ್ನುಮೇಲೆ ದಿನಾ ಬೆಳಗ್ಗೆ ತಮ್ಮ ಕೈ ತಾಗದೆ ಇದು ಹೊರಡೋದಿಲ್ಲ."